ಹನ್ನೊಂದು ಸೆಕೆಂಡಿನ ಫಾರಿನ್ ಕಾರು

ಮದರಾಸಿನ ಕಂಪನಿಯವನು
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಗ್ರೀಸು ಮೆತ್ತಿದ ಬೆಂಚಿಗೆ ಕರವಸ್ತ್ರ ಹಾಸಿ ಕೂತು
ಪತ್ರಿಕೆಯಿಂದ ಹರಿದ ಹಾಳೆಯೊಂದನ್ನು ಬಿಚ್ಚಿದ.
ಅಮೆರಿಕದ ಕಾರು. ಹಿಂದಕ್ಕೆ ಎರಡು ರೆಕ್ಕೆ.
"ಖಳನಾಯಕನದು. ಒಂಬತ್ತು ದಿವಸದಲ್ಲಿ ಬೇಕು."

ಉಸ್ತಾದ್ ಖಾದರ್‌ಬಾಷಾ ಹಾಳೆ ತಿರುವಿದರು,
ಕಾರಿನ ಹಿಂಭಾಗ ಹೇಗಿದೆಯೋ ಎಂದು.
ಅಲ್ಲಿ ತಲೆನೋವಿನ ಗುಳಿಗೆಯ ಜಾಹೀರಾತಿತ್ತು.
"ರೆಕ್ಕಿ ಯಾಕ್ರೀ ಇದಕ್ಕ? ಹಾರತೈತೇನು?"
ಅವನು ನಕ್ಕ. ಉತ್ತರ ಹೇಳಲಿಲ್ಲ.

ಗುಜರಿಯಿಂದ ತಂದದ್ದು ಒಂದು ಅಂಬಾಸಡರ್,
ಜಿನ್ನಿನ ಸಾಹುಕಾರರ ಮೂರು ಹೆಣ್ಣುಮಕ್ಕಳ ಮದುವೆಗೆ ದುಡಿದು
ಸೊಂಟ ಬಿದ್ದಿದ್ದು.
ರೆಕ್ಕೆಗೆ ಶೇಂಗಾ ಎಣ್ಣೆಯ ಡಬ್ಬದ ತಗಡು.
ನಾನು ಗಾದಿಲಿಂಗ, ಸ್ಪ್ಯಾನರ್ ಕೊಡುವ ಹುಡುಗ,
ಮಿಲ್ಲಿನಿಂದ ಮಿಲ್ಲಿಗೆ ಸೈಕಲ್ ತುಳಿದು
ಹದಿನಾರು ಡಬ್ಬ ಕಟ್ಟಿಕೊಂಡು ಬಂದೆ.
ಅಚ್ಚಿನ ಮಗ್ಗುಲು ಒಳಕ್ಕೆ, ಬರೀ ತಗಡು ಹೊರಕ್ಕೆ ಹಾಕಿ
ಉಸ್ತಾದರು ಬಡಿಯುತ್ತಿದ್ದರೆ
ಕಮಟು ವಾಸನೆಗೆ ಓಣಿಯ ನಾಯಿಗಳೆಲ್ಲ ಹಾಜರು.
ಹಿಂದೀಪಕ್ಕೆ ಬೀಬಮ್ಮನ ಅಡುಗೆಮನೆಯ ಎರಡು ಸ್ಟೀಲ್ ಲೋಟ,
ಬಾಯಿಗೆ ಕೆಂಪು ಗಾಜುಕಾಗದ.
(ಲೋಟ ತಿರುಗಿ ಬರಲಿಲ್ಲ. ಆ ಮನೆಯಲ್ಲಿ ಆ ಜಗಳ
ಇಪ್ಪತ್ತು ವರ್ಷ ನಡೆಯಿತು.)

"ಬಣ್ಣ ಯಾವುದಾದರೂ ಬಳೀರಿ, ಪಿಚ್ಚರು ಕಪ್ಪು ಬಿಳುಪು"
ಎಂದಿದ್ದ ಅವನು.
ಆ ಮಾತು ಪೇಂಟರ್ ಎರ್ರಿಸ್ವಾಮಿಗೆ ಮುಳ್ಳಾಗಿ ನೆಟ್ಟಿತು.
ಮೂರು ರಾತ್ರಿ ಕಲಸಿದ.
ನೀಲಿಗೆ ಹಸಿರು, ಹಸಿರಿಗೆ ಚಿಟಿಕೆ ಕಪ್ಪು,
ಗೋಡೆಗೆ ಒರೆಸಿ, ಕಂದೀಲು ಹಿಡಿದು ನೋಡಿ,
ಬೆಳಗಿನ ಬಿಸಿಲಿಗೆ ಇನ್ನೊಮ್ಮೆ ನೋಡಿ,
ಥೂ ಎಂದು ಚೆಲ್ಲಿ, ಮತ್ತೆ.
ಕೊನೆಗೆ ಸಿಕ್ಕಿತು,
ನವಿಲು ಕೊರಳು ಹೊರಳಿಸಿದಾಗ ಮಾತ್ರ ಕಾಣುವ ನೀಲಿ.
ಏಳು ಕೋಟು.
ಬಳ್ಳಾರಿ ಗುಡ್ಡ ಅದರ ಬಾಗಿಲಲ್ಲಿ ಸೊಟ್ಟಗೆ ಮೂಡಿತು,
ಕೋಟೆಗೋಡೆ ಸಮೇತ.

ಸಂಗನಕಲ್ಲಿನ ಆಚೆ ಹಳೇ ಕ್ವಾರಿಗೆ ಅದನ್ನು ನೂಕುತ್ತಾರೆಂದು
ನಮಗೆ ಯಾರೂ ಹೇಳಿರಲಿಲ್ಲ.
ಹಾರಿತು.
ಉಸ್ತಾದರು ಹಚ್ಚಿದ ಬೀಡಿ ಸೇದುವುದ ಮರೆತು
ಬೆರಳು ಸುಟ್ಟುಕೊಂಡರು.

ಎರಡನೇ ಆಟಕ್ಕೆ ಇಡೀ ಶೆಡ್ಡು ಹೋಗಿದ್ದೆವು, ಬೆಂಚಿನ ಕ್ಲಾಸಿಗೆ.
ಬೂದಿಬಣ್ಣದ ಕಾರು ಬಂತು, ಬೂದಿಬಣ್ಣದ ಧೂಳೆಬ್ಬಿಸಿತು.
ಎರ್ರಿಸ್ವಾಮಿ ತನ್ನ ಚಪ್ಪಲಿ ನೋಡುತ್ತ ಕೂತ.
ಕ್ವಾರಿಗೆ ಬಿದ್ದು, ಎಡರೆಕ್ಕೆ ಕಿತ್ತು, ಮಗುಚಿ,
ಪರದೆಯ ತುಂಬ ಒಂದೇ ಕ್ಷಣ
ಗಿಳಿ ಮಾರ್ಕ್ ಶೇಂಗಾ ಎಣ್ಣೆ, ಬಳ್ಳಾರಿ.
ಗಿಳಿ ತಲೆಕೆಳಗಾಗಿತ್ತು.
ಟಾಕೀಸಿಗೆ ಟಾಕೀಸೇ ಎದ್ದು ಶಿಳ್ಳೆ ಹೊಡೆಯಿತು.
ಖಳನಾಯಕ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ.
ಉಸ್ತಾದರು ಮಾತ್ರ ಟೋಪಿ ಸರಿಮಾಡಿಕೊಂಡರು,
ಯಾರೋ ಹೆಸರು ಹಿಡಿದು ಕೂಗಿದಂತೆ.

ಈಗ ಉಸ್ತಾದರಿಲ್ಲ.
ಮೊನ್ನೆ ಭಾನುವಾರ ಮಧ್ಯಾಹ್ನ ಅದು ಟೀವಿಯಲ್ಲಿ ಬಂತು.
ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿದ್ದಾರೆ.
ಕಾರು ಕೆಂಪು.
ಗಿಳಿ ಹಸಿರು.
(ನಮ್ಮ ಡಬ್ಬದ ಗಿಳಿಯೇ ಕೆಂಪು. ಮಿಲ್ಲಿನವರ ಹತ್ತಿರ ಇದ್ದದ್ದು ಒಂದೇ ಶಾಯಿ.)
ಎಂಬತ್ತೊಂದರ ಎರ್ರಿಸ್ವಾಮಿ ಫೋನು ಮಾಡಿದ:
"ಕೆಂಪಂತಲೇ, ಕೆಂಪು! ಯಾವನಲೇ ಅದನ್ನ ಬಳಿದಾವ?"
ಆಟೋ ಹಿಡಿದು ಸೀದಾ ಶೆಡ್ಡಿಗೇ ಬಂದ.

ಶೆಡ್ಡು ಈಗ ಮೊಬೈಲ್ ಕವರುಗಳ ಗೋದಾಮು.
ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಮನೆ ಕೀಲಿಯಿಂದ ಗೋಡೆ ಕೆರೆಯತೊಡಗಿದ.
ಬಿಳಿ. ಅದರ ಕೆಳಗೆ ಹಳದಿ. ಅದರ ಕೆಳಗೆ
ಯಾವುದೋ ಎಲೆಕ್ಷನ್ನಿನ ಅರ್ಧ ಅಕ್ಷರ. ಮತ್ತೆ ಸುಣ್ಣ.
ಗೋದಾಮಿನ ಹುಡುಗ ಓನರಿಗೆ ಫೋನು ಹಚ್ಚಿದ.
ನಾಲ್ಕಾಣೆ ಅಗಲ, ಅಷ್ಟೇ, ಸಿಕ್ಕಿದ್ದು.

ನನಗೆ ಮೊದಲು ಕಪ್ಪಾಗಿಯೇ ಕಂಡಿತು.
"ಹಂಗಲ್ಲ," ಅಂದ ಎರ್ರಿಸ್ವಾಮಿ,
ತನ್ನ ಸುಕ್ಕುಗಟ್ಟಿದ ಕುತ್ತಿಗೆ ಒಂದಿಷ್ಟು ವಾರೆ ಮಾಡಿ,
"ಹಿಂಗ ನೋಡಬೇಕು."