ಬೆರಳಗೆಣ್ಣಿಗೆ ಮೂರಿಂಚು

ಚಪ್ಪಡಿ ಕಲ್ಲು ಬಂದಿಳಿದಿವೆ, ಹದಿನಾಲ್ಕು.
ಒಮ್ಮೆ ಹೂತರೆ ಮಾತು ಬದಲಿಸುವ ಜಾತಿಯಲ್ಲ.
ಅದಕ್ಕೇ ಈ ಭಾನುವಾರ ಬೆಳಗಿನಿಂದ
ಬಾಗಿಲು ಎಲ್ಲಿ ಅನ್ನುವುದೊಂದೇ ಮಾತು.

ಹಿತ್ತಲೆಂದರೆ ಎಷ್ಟು, ಚಿಂತಾಮಣಿಯಲ್ಲಿ?
ಒಂದು ನುಗ್ಗೆಮರ, ಒಂದು ಒಗೆಯುವ ಕಲ್ಲು,
ಮೂಲೆಯಲ್ಲಿ ಕಕ್ಕಸು,
ಉಳಿದದ್ದರಲ್ಲಿ ಹತ್ತಕ್ಕೆ ಏಳು ನನ್ನ ಶೆಡ್ಡು.
ಹನ್ನೊಂದು ವರ್ಷ ಬಾಡಿಗೆ ಕೋಣೆಯಲ್ಲಿದ್ದುಕೊಂಡೇ
ಬಾಡಿಗೆಗೆ ಹೋಗಿ ಬಂದ ಪಾತ್ರೆಗಳು
ಇನ್ನು ಸ್ವಂತ ಮನೆ ಸೇರುತ್ತವೆ:
ಕೊಪ್ಪರಿಗೆ ನಾಲ್ಕು, ಸಾರಿನ ಬಕೆಟ್ಟು ಮೂವತ್ತು,
ಲೆಕ್ಕ ಎಂದೂ ಸರಿಹೋಗದ ಸೌಟುಗಳು.

ವೆಲ್ಡಿಂಗ್ ಬಾಬಾಜಾನ್ ಟೇಪು ಎಳೆದ.
"ಎರಡೂವರೆ ಸಾಕಕ್ಕಾ, ಮನುಷ್ಯರಿಗೆ."
"ಮನುಷ್ಯರನ್ನ ಯಾರು ಇಡ್ತಾರೆ ಇದರೊಳಗೆ?"
ಕೊಪ್ಪರಿಗೆ ಅಳೆದ. ಕಿವಿಯಿಂದ ಕಿವಿಗೆ ಮೂರೂಕಾಲು.
ಟೇಪು ಸರ್ರನೆ ಒಳಗೆ ಹೋಯಿತು,
ಅವನ ಮಾತೂ.

ನಗು ಬಂತು. ಹೊತ್ತು ತರುವವರು ಗಂಡಸರು,
ನಾನು ಉರುಳಿಸುವವಳು.
ಅಂಚಿನ ಮೇಲೆ ನಿಲ್ಲಿಸಿ, ಗಾಲಿಯ ಹಾಗೆ,
ಒಂದು ಕೈ ಬಾಯಿಗೆ, ಒಂದು ಕೈ ಬೆನ್ನಿಗೆ.
ಆಗ ಬಾಗಿಲಿಗೆ ಬೇಕಾದ್ದು ಅದರ ಆಳ ಮಾತ್ರ, ಎರಡೇ ಅಡಿ.
"ಹಂಗಾದ್ರೆ ಎರಡೂವರೆ ಜಾಸ್ತಿನೇ ಆಯ್ತಲ್ಲ!"
ಕೈ ಮಗುಚಿ ತೋರಿಸಿದೆ.

ಹಳೇ ಕೋಣೆಯ ಬಾಗಿಲು ಎರಡಡಿ ಎರಡಿಂಚು.
ಪಾತ್ರೆ ಒಳಗೆ ಹೋಗುತ್ತಿತ್ತು,
ಚರ್ಮ ಚೌಕಟ್ಟಿಗೆ ಅಂಟಿ ಉಳಿಯುತ್ತಿತ್ತು.
ಯಾರದೋ ಬೀಗರೂಟ, ಯಾರದೋ ತಿಥಿ, ಯಾರದೋ ಮುಂಜಿ,
ಊಟ ಮಾಡಿದವರಿಗೆ ಮರೆತಿದೆ,
ನನ್ನ ಗೆಣ್ಣುಗಳಿಗೆ ತಾರೀಖು ಗೊತ್ತು.
ಬಾಬಾಜಾನ್ ತನ್ನ ಸುಟ್ಟ ಬೆರಳು ನೋಡಿಕೊಂಡ.
"ಈ ಕಡೆ ಮೂರಿಂಚು, ಆ ಕಡೆ ಮೂರಿಂಚು,
ಮೇಲೊಂದಿಷ್ಟು. ಮೂರಡಿ ಬರ್ಕೊಳ್ಳಿ."
ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೇ ಬರೆದ.

ಮೂರಡಿ ಬಾಗಿಲು ಹೊರಗೆ ತೆರೆದರೆ
ಒಗೆಯುವ ಕಲ್ಲಿಗೆ ಮೂಗು ತಾಗುತ್ತದೆ.
ಒಳಗೆ ತೆರೆದರೆ ಬಾಗಿಲೇ
ಒಂದು ಕೊಪ್ಪರಿಗೆಯ ಜಾಗ ತಿನ್ನುತ್ತದೆ, ಬಾಡಿಗೆ ಕೊಡದೆ.
ಜಾರುಬಾಗಿಲೆಂದರೆ ಹಳಿಯ ತುಂಬ ನುಗ್ಗೆ ಹೂವು.
ಹೊಸ್ತಿಲಿಟ್ಟರೆ ಪಾತ್ರೆ ಎಡವುತ್ತದೆ,
ಇಡದಿದ್ದರೆ ಸೋಪಿನ ನೀರು ಒಳಗೆ ನೆಂಟರಾಗುತ್ತದೆ.
ಕೆಳಗೆ ಎರಡು ಬೆರಳು ಸಂದು ಬಿಟ್ಟರೆ ಇಲಿ,
ಬಿಡದಿದ್ದರೆ ಮಳೆಗಾಲದ ಕೆಸರು.
ಗೋಡೆಯಾಚೆಯಿಂದ ಪಿಳ್ಳಮ್ಮ:
"ಪೂರ್ವಕ್ಕಿಡೇ, ಲಕ್ಷ್ಮಿ ಬರ್ತಾಳೆ."
ಪೂರ್ವಕ್ಕೆ ಇರುವುದು ಅವಳದೇ ಗೋಡೆ.

ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.
ರಾತ್ರಿ ಕಕ್ಕಸಿಗೆ ಅವರು ಹೋಗುವುದು ಇದೇ ಓಣಿಯಲ್ಲಿ,
ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಾಳಿ ತಡವುತ್ತ,
ದೀಪ ಹಾಕಿದರೆ ನಿದ್ದೆ ಹೋಗುತ್ತದಂತೆ.
ಮರೆತು ತೆರೆದಿಟ್ಟ ಬಾಗಿಲು ನೆನಪಾಗಿ ನಾನು ಸುಮ್ಮನಾದೆ.
ಅವರು ತಲೆ ಎತ್ತಲಿಲ್ಲ.
"ಎರಡು ಹಲಗೆ ಮಾಡು. ಒಂದು ಎರಡಡಿ, ಒಂದು ಒಂದಡಿ.
ದಿನಕ್ಕೆ ದೊಡ್ಡದು ಸಾಕು, ಮುಹೂರ್ತಕ್ಕೆ ಎರಡೂ ತೆಗಿ."
ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

ಗೂಟಕ್ಕೆ ದಾರ ಕಟ್ಟಿ, ರಂಗೋಲಿ ಪುಡಿಯಲ್ಲಿ
ಬಾಗಿಲು ತಿರುಗುವ ದಾರಿ ಎಳೆದೆ:
ದೊಡ್ಡ ಕಮಾನೊಂದು, ಮಗ್ಗುಲಲ್ಲಿ ಮರಿಕಮಾನು.
ಒಗೆಯುವ ಕಲ್ಲಿಗೆ ಇನ್ನೂ ಒಂದಡಿ ಉಳಿಯಿತು,
ಪಿಳ್ಳಮ್ಮನ ಕೋಳಿ ಬಂದು ಅದನ್ನೂ ಪರೀಕ್ಷಿಸಿ ಹೋಯಿತು.
ಕೆಳಗಿನ ಸಂದಿನ ಮಾತು ಹಾಗೇ ನಿಂತಿದೆ.
ಇಲಿಯೋ ಕೆಸರೋ, ಬಾಬಾಜಾನ್ ಮಂಗಳವಾರ ಹೇಳುತ್ತಾನಂತೆ.

ರಾತ್ರಿ ಕೋಲಿನ ಸದ್ದಿಗೆ ಎಚ್ಚರವಾಯಿತು.
ಕಿಟಕಿಯಿಂದ ನೋಡಿದೆ. ಬೆಳದಿಂಗಳು, ಬಿಳಿ ಗೆರೆ.
ಅತ್ತೆ ಒಂದು ಗಳಿಗೆ ನಿಂತರು,
ಸೆರಗು ಒತ್ತಿ ಹಿಡಿದು, ಒಗೆಯುವ ಕಲ್ಲಿನತ್ತ ಸರಿದು,
ಇನ್ನೂ ಬಾರದ ಬಾಗಿಲಿಗೆ
ತಿರುಗಲು ಜಾಗ ಬಿಟ್ಟು
ಸುತ್ತಿ ನಡೆದರು.