ಶೀಶೆಯಲ್ಲಿ ಸಾರು

ಅಕಿತಾದಲ್ಲಿ ಹಿಮ ಬೀಳುವುದಲ್ಲ, ಬಂದು ಕೂರುತ್ತದೆ:
ಸೂರಿನ ಮೇಲೆ, ಸೈಕಲ್ಲಿನ ಸೀಟಿನ ಮೇಲೆ,
ನನ್ನ ಬಿ.ಪಿ. ಯಂತ್ರದ ಪೆಟ್ಟಿಗೆಯ ಮೇಲೂ.
ಆ ವರ್ಷ ನನಗೆ ಇಪ್ಪತ್ತಾರು. ಹಳ್ಳಿಗೆ ಸರ್ಕಾರ ಕೊಟ್ಟ ನರ್ಸು.

ಯೊಸಾಬುರೊಗೆ ಬಡಿದದ್ದು ನಲವತ್ತೆಂಟಕ್ಕೆ.
ಬೆಚ್ಚನೆಯ ಹಾಸಿಗೆಯಿಂದೆದ್ದು ಹಿತ್ತಲ ಕಕ್ಕಸಿಗೆ ಹೋದವನು
ಮರಳುವಾಗ ಬಾಯಿ ಎಡಕ್ಕೆ ಜಾರಿತ್ತು.
ಅಲುಗಿಸಬಾರದು ಎಂದರು ಹಿರಿಯರು.
ಮೂರು ದಿನ ಯಾರೂ ಅಲುಗಿಸಲಿಲ್ಲ.
ನಾಲ್ಕನೆಯ ದಿನ ಎಲ್ಲರೂ ಸೇರಿ ಎತ್ತಿದರು.

ಗೋಡೆಗೆ ಚಿತ್ರಪಟ ತೂಗಿದೆ:
ಕೆಂಪು ನಾಳ, ನೀಲಿ ನಾಳ, ಮಿದುಳಿನಲ್ಲೊಂದು ಕಪ್ಪು ಚುಕ್ಕೆ.
ಉಪ್ಪು ತಗ್ಗಿಸಿ, ಒಂದು ಕೋಣೆಯನ್ನಾದರೂ ಬೆಚ್ಚಗಿಡಿ,
ಸಾಕೆ ಕುಡಿಯುವವರಿಗೆ ಒಂದು ಬಟ್ಟಲಿಗೇ ಸಾಕು ಅನ್ನಿ.
ಹೆಂಗಸರು ಹೂಂಗುಟ್ಟಿದರು. ಹೂಂಗುಟ್ಟುತ್ತಲೇ
ಹೊಗೆಗಿಟ್ಟ ಮೂಲಂಗಿಯ ಉಪ್ಪಿನಕಾಯಿ ತಂದಿಟ್ಟರು
ತಟ್ಟೆ ತುಂಬಾ. ತಿನ್ನದೆ ಏಳುವ ಹಾಗಿಲ್ಲ.
ತಿಂದೆ. ರುಚಿಯಾಗಿತ್ತು, ಸುಳ್ಳೇಕೆ.

ಮುಂದಿನ ತಿಂಗಳು ಪುಟ್ಟ ಶೀಶೆ ಹಂಚಿದೆ.
ನಿಮ್ಮ ಬೆಳಗಿನ ಮಿಸೊ ಸಾರು ಇದರಲ್ಲಿ ತನ್ನಿ, ಉಪ್ಪು ಅಳೆಯುತ್ತೇನೆ.
ಒಂದೂ ಬರಲಿಲ್ಲ.
ಒಲೆಯ ಗುಟ್ಟನ್ನು ಯಾರು ತಾನೆ ಸರ್ಕಾರಕ್ಕೆ ಕೊಟ್ಟಾರು?
ತೊಮೆ ಅಜ್ಜಿಯಂತೂ ತನ್ನದರಲ್ಲಿ ಸೂಜಿ ತುಂಬಿಟ್ಟುಕೊಂಡಳು.

ಆ ರಾತ್ರಿ ನನ್ನಮ್ಮ ಕಿನುವಿನ ಪಾತ್ರೆಯಿಂದಲೇ
ಕದ್ದು ಒಂದು ಶೀಶೆ ತುಂಬಿದೆ.
ಮೂವತ್ತು ವರ್ಷದ ಕೈರುಚಿ.
ಅಂಕಿ ನೋಡಿ ಮತ್ತೊಮ್ಮೆ ಅಳೆದೆ. ಮೂರನೆಯ ಸಲವೂ ಅಳೆದೆ.
ನಾನು ಓದಿ ನರ್ಸಾದದ್ದು ಇದೇ ಸಾರು ಉಂಡು.

ಸಭೆಯ ಕಪ್ಪುಹಲಗೆಯ ಮೇಲೆ ಬರೆದೆ:
ಕಿನು, ನನ್ನ ತಾಯಿ. ಕೆಳಗೆ ಅಂಕಿ.
ಇಡೀ ಕೋಣೆ ನಕ್ಕಿತು. ತೊಮೆ ಅಜ್ಜಿ ನಕ್ಕು ನಕ್ಕು ಕೆಮ್ಮಿ
"ಅಯ್ಯೋ, ಅದು ಸಾರಲ್ಲ, ಸಮುದ್ರ" ಎಂದಳು.

ಮರುವಾರ ಏಳು ಶೀಶೆ. ಅದರ ಮರುವಾರ ಇಪ್ಪತ್ತು.
ಯೊಸಾಬುರೊನ ಹೆಂಡತಿಯದೂ ಇತ್ತು,
ಬಟ್ಟೆಯಲ್ಲಿ ಸುತ್ತಿದ್ದು, ಇನ್ನೂ ಬೆಚ್ಚಗೆ.
"ಅವರಿಗೂ ಇದನ್ನೇ ಬಡಿಸುತ್ತಿದ್ದೆ" ಎಂದಳಷ್ಟೆ.
ಆ ಅಂಕಿಯನ್ನು ನಾನು ಹಲಗೆಗೆ ಬರೆಯಲಿಲ್ಲ.

ಅಮ್ಮ ಮೂರು ವಾರ ನನ್ನೊಡನೆ ಮಾತು ಬಿಟ್ಟಳು.
ನಾಲ್ಕನೆಯ ವಾರ ಮಿಸೊ ಚಮಚ ಅಂಚಿಗೆ ತಾಗಲಿಲ್ಲ,
ಆಲೂಗಡ್ಡೆ, ಅಣಬೆ, ಈರುಳ್ಳಿಸೊಪ್ಪು ಜಾಸ್ತಿ ಬಿತ್ತು.
ಹೇಳದೆ ಮಾಡಿದಳು; ಕೇಳದೆ ಉಂಡೆ.

ಈಗ ಅವಳಿಗೆ ತೊಂಬತ್ತೊಂದು. ಒಲೆ ನನ್ನದು.
ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂರಿಸುತ್ತೇನೆ.
ನಗು, ನೋಡೋಣ.
ಹಲ್ಲಿಲ್ಲದ ಬಾಯಿ ಎರಡೂ ಕಡೆ ಸಮನಾಗಿ ಅರಳುತ್ತದೆ.
ಕೈ ಎತ್ತು.
ಎರಡೂ ಏಳುತ್ತವೆ, ಬಲಗೈ ಕೊಂಚ ಗದರುವ ಹಾಗೆ.
ಒಂದು ಮಾತು ಹೇಳು.
ಒಂದಕ್ಷರವೂ ತೊದಲದೆ ಹೇಳುತ್ತಾಳೆ:
"ನಿನ್ನ ಸಾರು ಸಪ್ಪೆ."