ಹವ್ಯಾಸ: ಕ್ರಿಕೆಟ್

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಎದುರು ನನ್ನ ಝೆರಾಕ್ಸ್ ಅಂಗಡಿ.
ಆಕೆ ಒಳಗೆ ಬರುವ ಮೊದಲೇ ಸೆರಗಿನ ಘಾಟು ಬಂತು,
ಸೀನಿದೆ.
"ಬಯೋಡಾಟಾ ಅಂತಾರಲ್ಲ, ಅದನ್ನೊಂದು ಮಾಡಿಕೊಡಪಾ.
ಕಿಲೋಕ್ಕ ಎಷ್ಟು?" ಅಂದಳು. ನಗಲಿಲ್ಲ.
ಹಾಳೆಗೆ ಮೂವತ್ತು, ಅಂದೆ.

ಹೊಸದಾಗಿ ಯಾರು ಬರೆಯುತ್ತಾರೆ? ಹಳೆಯ ಕಡತ ತೆರೆದು
ಇರ್ಫಾನ ಹಾನಗಲ್ಲ ಎಂಬ ಐಟಿಐ ಹುಡುಗನನ್ನು
ಅಕ್ಷರ ಅಕ್ಷರವಾಗಿ ಅಳಿಸುತ್ತ
ಅವನಿದ್ದ ಜಾಗದಲ್ಲಿ
ಹೊನ್ನವ್ವ ಮೋಟೆಬೆನ್ನೂರ ಎಂದು ಕೂರಿಸಿದೆ.

ಹುಟ್ಟಿದ ದಿನ ಆಧಾರಿನಲ್ಲಿ ಜನವರಿ ಒಂದು,
ಅವಳ ಓಣಿಯಲ್ಲಿ ಅರ್ಧ ಮಂದಿ ಹುಟ್ಟಿದ ದಿನ.
"ಖರೇ ಹುಟ್ಟಿದ್ದು ಕಾರಹುಣ್ಣಿವಿ ಹಿಂದಿನ ದಿನ, ಬರಕೋ."
ಅದಕ್ಕೆ ಕಾಲಂ ಇಲ್ಲ.
ವಿದ್ಯಾರ್ಹತೆ: ಮೂರನೇ ಇಯತ್ತೆ, ಅರ್ಧ.
ಭಾಷೆ: ಕನ್ನಡ, ದಲಾಲರ ಉರ್ದು,
ಗುಂಟೂರಿನ ಲಾರಿಯವರನ್ನು ಬೈಯುವಷ್ಟು ತೆಲುಗು.
"ಬೈಯುವಷ್ಟು" ಎಂಬುದನ್ನು ನಾನೇ ತೆಗೆದೆ.

ಅನುಭವ ಏನು ಅಂದರೆ
ಉಡಿಯಿಂದ ಎರಡು ಮೆಣಸಿನಕಾಯಿ ತೆಗೆದು
ನನ್ನ ಕಿವಿಯ ಹತ್ತಿರ ಅಲುಗಿಸಿದಳು.
"ಇದು ಗಿಲಿಗಿಲಿ ಅಂತೈತಿ, ಒಣಗೈತಿ.
ಇದು ಸುಮ್ಮನೈತಿ, ತೂಕಕ್ಕ ನೀರು ಹೊಡದಾರ."
ಇಪ್ಪತ್ತಾರು ಹಂಗಾಮು, ತೊಟ್ಟು ಬಿಡಿಸುವ ಕೆಲಸ ಎಂದು ಒತ್ತಿದೆ.
ಆ ಗಿಲಿಗಿಲಿಯನ್ನು ಏನೆಂದು ಬರೆಯಲಿ?
ಕೊನೆಗೆ "ಗುಣಮಟ್ಟ ಪರಿಶೀಲಕಿ" ಅಂದೆ.
"ಯಾರದು?"
"ನೀವೇ."
ಪರದೆಯನ್ನು ನೋಡಿದಳು,
ದೂರದ ಬೀಗರನ್ನು ನೋಡುವ ಹಾಗೆ.

ನಡುವೆ ಐದು ವರ್ಷ ಖಾಲಿ ಬಿದ್ದಿತ್ತು. ಕೇಳಿದೆ.
"ಅವು ನನ್ನವು. ಅಲ್ಲಿ ಒಂದು ಗೆರಿ ಹೊಡಿ."
ಹೊಡೆದೆ.

ಎಂಟು ದಿನಕ್ಕೆ ಮತ್ತೆ ಬಂದಳು.
"ಏನಪಾ, ನಾ ಯಾವಾಗ ಕ್ರಿಕೆಟ್ ಆಡಿದ್ನಿ?"
ಎದೆ ಧಸಕ್ಕೆಂದಿತು. ತಳದ ಸಾಲಿನಲ್ಲಿ
ಇರ್ಫಾನನ ಹವ್ಯಾಸ ಹಾಗೇ ಉಳಿದುಬಿಟ್ಟಿತ್ತು.
ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯ ಸಾಹೇಬ
ಉಳಿದದ್ದೆಲ್ಲ ಬಿಟ್ಟು ಅದನ್ನೇ ಕೇಳಿದನಂತೆ.
"ನೀವೇನಂದ್ರಿ?"
"ಆಡಾಕ ಬರಂಗಿಲ್ರಿ. ಆದ್ರ ಚೆಂಡು ಕೆಂಪಿರತೈತಲ್ಲ,
ಎಷ್ಟು ಕೆಂಪು ಅಂತ ಹೇಳತೀನಿ, ಅಂದೆ."
ನಕ್ಕರಂತೆ. ಹಾಳೆ ಇಟ್ಟುಕೊಂಡರಂತೆ.
ತಿಳಿಸುತ್ತಾರಂತೆ.

ಇನ್ನೆರಡು ಪ್ರತಿ ಬೇಕಿತ್ತು. ಆ ಸಾಲಿಗೆ ಕರ್ಸರ್ ಒಯ್ದೆ.
"ಇರಲಿ ಬಿಡು," ಅಂದಳು,
"ಅವರು ಓದಿದ್ದು ಅದೊಂದ ಸಾಲು."

ಇವತ್ತು ಎದುರು ಬಿಕಾಂ ಮುಗಿಸಿದ ಹುಡುಗಿ ಕೂತಿದ್ದಾಳೆ.
ಹೊನ್ನವ್ವನ ಕಡತ ತೆರೆದು ಅಳಿಸುತ್ತ ಬಂದೆ:
ಹೆಸರು, ಹುಟ್ಟು, ತೆಲುಗು, ಹಂಗಾಮು.
ಗೆರೆಯ ಹತ್ತಿರ ಬೆರಳು ನಿಂತಿತು.
"ನಡುವೆ ಖಾಲಿ ವರ್ಷ ಏನಾದರೂ ಇದಾವೇನವ್ವಾ?"
ಹುಡುಗಿ ಬಾಗಿಲ ಕಡೆ ನೋಡಿ, ತುಸು ತಡೆದು,
"ಎರಡು" ಅಂದಳು.

ಗೆರೆಯನ್ನು ಹಾಗೇ ಬಿಟ್ಟೆ.